'ಇನ್ನರ್ ಎಕ್ಸೆಪ್ಶನ್ ನೋಡಿ' ಅಂದರೆ ಎಲ್ಲಿ ನೋಡೋದು?

ಪ್ರಶ್ನೆ: ಸಿ ಶಾರ್ಪ್, ಎಂಟಿಟಿ ಫ್ರೇಮ್‌ವರ್ಕ್ ಕೋರ್ (ಡೇಟಾಬೇಸ್ ಜೊತೆ ಕೆಲಸ ಮಾಡುವ ಲೈಬ್ರರಿ), ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಬಳಸುತ್ತೇನೆ. ಬದಲಾವಣೆಗಳನ್ನು ಡೇಟಾಬೇಸ್‌ಗೆ ಉಳಿಸುವ ಸೇವ್‌ಚೇಂಜಸ್ ಕೈಕೊಟ್ಟಾಗ ಲಾಗ್‌ನಲ್ಲಿ 'ಇನ್ನರ್ ಎಕ್ಸೆಪ್ಶನ್ ನೋಡಿ' (ಅಂದರೆ ಈ ದೋಷದ ಒಳಗಿರುವ ಇನ್ನೊಂದು ದೋಷ ನೋಡಿ) ಎಂಬ ಸಾಲು ಮಾತ್ರ ಸಿಗುತ್ತದೆ. ಇಮೇಲ್ ಮೊದಲೇ ಇದ್ದರೆ ಬಳಕೆದಾರರಿಗೆ ಹಾಗಂತ ತಿಳಿಸಬೇಕು. ಗೆಟ್‌ಬೇಸ್‌ಎಕ್ಸೆಪ್ಶನ್ ಕರೆದರೆ ಸಾಕಲ್ವಾ?

ಉತ್ತರ: ಲಾಗ್‌ಗೆ ಅದೂ ಬೇಕಿಲ್ಲ. ನೀವು ಬಹುಶಃ ಮೆಸೇಜ್ ಪ್ರಾಪರ್ಟಿಯನ್ನು ಮಾತ್ರ ಬರೆಯುತ್ತಿದ್ದೀರಿ. ಲಾಗರ್‌ಗೆ ಎಕ್ಸೆಪ್ಶನ್ ಆಬ್ಜೆಕ್ಟನ್ನೇ ಕೊಡಿ. ಅದರ ಟುಸ್ಟ್ರಿಂಗ್ ಒಳಗಿನವನ್ನೆಲ್ಲ ಸ್ಟ್ಯಾಕ್ ಟ್ರೇಸ್ ಸಮೇತ ಬರೆಯುತ್ತದೆ.

ಇಮೇಲ್ ವಿಷಯಕ್ಕೆ ಗೆಟ್‌ಬೇಸ್‌ಎಕ್ಸೆಪ್ಶನ್ ನಂಬಬೇಡಿ. ಅದು ಎಲ್ಲಕ್ಕಿಂತ ತಳದ್ದನ್ನು ಕೊಡುತ್ತದೆ. ತಳದ್ದೇ ನಿಮಗೆ ಬೇಕಾದ್ದು ಅಂತೇನಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟೈಮ್‌ಔಟ್ ಆದಾಗ ಎಸ್‌ಕ್ಯೂಎಲ್‌ಎಕ್ಸೆಪ್ಶನ್ ಒಳಗೆ ವಿನ್32ಎಕ್ಸೆಪ್ಶನ್ ಎಂಬ ಇನ್ನೊಂದು ಎಕ್ಸೆಪ್ಶನ್ ಕೂತಿರುತ್ತದೆ. ತಳಕ್ಕೆ ಹೋದರೆ ನಿಮ್ಮ ಕೈಗೆ ಬರೋದು ಅದು. ಟೈಮ್‌ಔಟ್ ಎಂದು ಗುರುತಿಸುವ -2 ಎಂಬ ನಂಬರ್ ಇರೋದು ಮಾತ್ರ ಅದರ ಮೇಲಿನ ಎಸ್‌ಕ್ಯೂಎಲ್‌ಎಕ್ಸೆಪ್ಶನ್‌ನಲ್ಲಿ.

ಆದ್ದರಿಂದ ಟೈಪ್ ನೋಡಿ ಹುಡುಕಿ. ಸೇವ್‌ಚೇಂಜಸ್ ಎಸೆಯುವ ಡಿಬಿಅಪ್‌ಡೇಟ್‌ಎಕ್ಸೆಪ್ಶನ್‌ಗೆ ಕ್ಯಾಚ್ ಹಾಕಿ, ಪಕ್ಕದಲ್ಲೇ ವೆನ್ ಷರತ್ತು ಕೊಡಿ: ಇನ್ನರ್‌ಎಕ್ಸೆಪ್ಶನ್ ಎಸ್‌ಕ್ಯೂಎಲ್‌ಎಕ್ಸೆಪ್ಶನ್ ಆಗಿರಬೇಕು, ನಂಬರ್ 2627 ಅಥವಾ 2601 ಇರಬೇಕು. ಮೊದಲನೆಯದು ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಸಲ ಬರಬಾರದು ಎಂಬ ನಿಯಮ) ಮುರಿದಾಗ, ಎರಡನೆಯದು ಯೂನಿಕ್ ಇಂಡೆಕ್ಸ್ ಮುರಿದಾಗ ಬರುತ್ತದೆ. ಬೇರೆ ಯೂನಿಕ್ ಕಾಲಮ್‌ಗಳೂ ಇದ್ದರೆ ಇಂಡೆಕ್ಸಿನ ಹೆಸರನ್ನೂ ನೋಡಬೇಕಾಗುತ್ತದೆ. ಷರತ್ತು ಹೊಂದದಿದ್ದರೆ ಆ ಕ್ಯಾಚ್ ಒಳಗೆ ಹೋಗುವುದೇ ಇಲ್ಲ, ಎಕ್ಸೆಪ್ಶನ್ ಹಾಗೇ ಮೇಲಕ್ಕೆ ಹೋಗುತ್ತದೆ. ಮೆಸೇಜಿನಲ್ಲಿ 'ಡುಪ್ಲಿಕೇಟ್' ಎಂಬ ಪದ ಹುಡುಕುವ ಕೋಡ್ ತುಂಬ ಕಡೆ ಕಾಣಿಸುತ್ತದೆ. ದಯವಿಟ್ಟು ಬೇಡ. ಸರ್ವರ್‌ನ ಭಾಷೆ ಬದಲಾದರೆ ಆ ಪದವೇ ಇರುವುದಿಲ್ಲ.

ನೀವೇ ಹೊಸ ಎಕ್ಸೆಪ್ಶನ್ ಎಸೆಯುವುದಾದರೆ ಹಳೆಯದನ್ನು ಕನ್‌ಸ್ಟ್ರಕ್ಟರ್‌ನ ಎರಡನೇ ಆರ್ಗ್ಯುಮೆಂಟ್ ಆಗಿ ಕೊಡಿ. ಅದನ್ನು ಬಿಟ್ಟರೆ ಮೂಲ ಕಾರಣ ಅಲ್ಲೇ ಕಳೆದುಹೋಗುತ್ತದೆ. ಏನೂ ಸೇರಿಸುವುದಿಲ್ಲ ಎಂದಾದರೆ ಸುಮ್ನೆ ಬರೀ ಥ್ರೋ ಬರೆಯಿರಿ. ಥ್ರೋ ಇಎಕ್ಸ್ (ಇಎಕ್ಸ್ ಅಂದರೆ ಹಿಡಿದ ಎಕ್ಸೆಪ್ಶನ್) ಬರೆದರೆ ಸ್ಟ್ಯಾಕ್ ಟ್ರೇಸ್ ಆ ಸಾಲಿನಿಂದ ಹೊಸದಾಗಿ ಶುರುವಾಗುತ್ತದೆ.

ಇನ್ನೊಂದು ಮಾತು. ಅಸಿಂಕ್ ಮೆಥಡ್ ಹಿಂದಿರುಗಿಸುವ ಟಾಸ್ಕ್ ಮೇಲೆ ರಿಸಲ್ಟ್ ಅಥವಾ ವೇಟ್ ಕರೆದರೆ ಎಲ್ಲದರ ಮೇಲೆ ಅಗ್ರಿಗೇಟ್‌ಎಕ್ಸೆಪ್ಶನ್ ಎಂಬ ಹೊದಿಕೆ ಬರುತ್ತದೆ. ಆಗ ಮೇಲಿನ ಕ್ಯಾಚ್ ಕೆಲಸ ಮಾಡುವುದಿಲ್ಲ. ಸೇವ್‌ಚೇಂಜಸ್‌ಅಸಿಂಕ್ ಬಳಸುತ್ತಿದ್ದರೆ ಅವೇಟ್ ಹಾಕಿ.