ಅಮೆರಿಕದಲ್ಲಿ ಓಕ್ ಮರದ ಕಾಯಿ ಜಾಸ್ತಿ ಬಿದ್ದ ವರ್ಷ ಬೇಟೆಗಾರರಿಗೆ ಜಿಂಕೆ ಕಾಣಿಸುವುದಿಲ್ಲ ಯಾಕೆ?

ಜಿಂಕೆ ಕಡಿಮೆಯಾಗಿರುವುದಿಲ್ಲ, ಮೇಯುವ ಜಾಗ ಬದಲಾಗಿರುತ್ತದೆ, ಅಷ್ಟೇ. ಪೆನ್ಸಿಲ್ವೇನಿಯಾದಂಥ ಕಡೆ ಬಿಲ್ಲು-ಬಾಣದ ಬೇಟೆ ಶುರುವಾಗುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಹೊತ್ತಿಗೆ. ಬಿಳಿ ಓಕ್ ಕಾಯಿ ಉದುರುವುದೂ ಆಗಲೇ. ಆಗಸ್ಟ್‌ನಲ್ಲಿ ದಿನಾ ಸಂಜೆ ಸೋಯಾ ಹೊಲಕ್ಕೆ ಬರುತ್ತಿದ್ದ ಬಿಳಿಬಾಲದ ಜಿಂಕೆ ಈಗ ಅತ್ತ ತಲೆಯನ್ನೂ ಹಾಕುವುದಿಲ್ಲ. ಕಾಡಿನೊಳಗೇ ಮೇವು, ಪಕ್ಕದಲ್ಲೇ ಮಲಗುವ ಜಾಗ. ಸುಮ್ನೆ ಬಯಲಿಗೆ ಯಾಕೆ ಬರಬೇಕು, ಅಲ್ವಾ?

ಎಲ್ಲ ಓಕ್ ಒಂದೇ ಅಲ್ಲ. ಬಿಳಿ ಓಕ್ ಕಾಯಿ ಒಂದೇ ವರ್ಷದಲ್ಲಿ ಬಲಿಯುತ್ತದೆ, ಒಗರು ಕಡಿಮೆ. ಜಿಂಕೆ ಮೊದಲು ಹುಡುಕುವುದು ಅದನ್ನೇ. ಕೆಂಪು ಓಕ್ ಕಾಯಿಗೆ 2 ವರ್ಷ ಬೇಕು, ಒಗರು ಕೊಡುವ ಟ್ಯಾನಿನ್ ಜಾಸ್ತಿ. ಹಾಗಾಗಿ ಅದು ಚಳಿಗಾಲದವರೆಗೂ ನೆಲದಲ್ಲಿ ಉಳಿಯುತ್ತದೆ. ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹೂವು ಕರಟಿದರೆ ಬಿಳಿ ಓಕ್ ಅದೇ ವರ್ಷ ಬರಿದು, ಕೆಂಪು ಓಕ್ ಮುಂದಿನ ವರ್ಷ.

ಜಾಣ ಬೇಟೆಗಾರರು ಆಗಸ್ಟ್‌ನಲ್ಲೇ ದುರ್ಬೀನು ಹಿಡಿದು ಮರದ ತುದಿ ನೋಡುತ್ತಾರೆ. ಆಮೇಲೆ ನೆಲ. ಒಡೆದ ಸಿಪ್ಪೆ, ಕಾಯಿಯ ಟೋಪಿ, ಹಸಿ ಹಿಕ್ಕೆ ಮೂರೂ ಒಟ್ಟಿಗೆ ಕಂಡರೆ ಜಿಂಕೆ ಮೇಯಲು ಬರುವ ಮರ ಅದೇ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಜಿಂಕೆ ಬೇಟೆ ಅಪರಾಧ, ನೆನಪಿರಲಿ.) ಕಾಡೆಲ್ಲ ಕಾಯಿ ಬಿದ್ದ ವರ್ಷ ಜಿಂಕೆ ಎಲ್ಲಿ ಬೇಕಾದರೂ ಇರಬಹುದು. ಅಲ್ಲೊಂದು ಇಲ್ಲೊಂದು ಮರ ಮಾತ್ರ ಕಾಯಿ ಬಿಟ್ಟ ವರ್ಷವೇ ಬೇಟೆಗಾರರಿಗೆ ಸಲೀಸು.