ಕಲ್ಲಿದ್ದಲು ಗಣಿ ಪಕ್ಕದ ಬಾವಿ: ನೀರಿನ ಮಟ್ಟ, ಗುಣ ಅಳೆಯುವ ಬಗ್ಗೆ

ಸರ್, ಭದ್ರಾವತಿ ತಾಲ್ಲೂಕಲ್ಲಿ (ನಮ್ಮ ಶಿವಮೊಗ್ಗದ್ದಲ್ಲ, ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯದು) ನಿಮ್ಮ ಮಾವನವರ ಹತ್ತಿ ಹೊಲ ಇದೆ, ಎರಡು ಕಿಲೋಮೀಟರ್ ಆಚೆ ತೆರೆದ ಗಣಿ ಇದೆ, ಜನವರಿಗೇ ಬಾವಿ ತಳ ಕಾಣುತ್ತಿದೆ, ಬೋರ್ ನೀರಿನ ರುಚಿ ಕೆಟ್ಟಿದೆ ಅಂದಿದ್ದೀರಿ. ಇದು ಗಣಿಯಿಂದಲೋ, ಮಳೆ ಕಮ್ಮಿಯಾಗಿಯೋ ಅನ್ನೋದು ಪ್ರಶ್ನೆ. ನಿಮಗೆ ಇಲ್ಲಿ ಉತ್ತರ ಕೊಟ್ಟವರೆಲ್ಲ 'ಗಣಿಯಿಂದಲೇ, ಕೇಸ್ ಹಾಕಿ' ಅಂದಿದ್ದಾರೆ. ಇರಬಹುದು. ಆದರೆ ಕೈಯಲ್ಲಿ ಒಂದೂ ಅಂಕಿ ಇಲ್ಲದೆ ಹೋದರೆ ಗಣಿಯವರು 'ಮಳೆ ಇಲ್ಲ ಸ್ವಾಮಿ' ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ.

ಅಲ್ಲಿ ಕಲ್ಲಿದ್ದಲು ಇರುವುದು ಬರಾಕರ್ ಅನ್ನುವ ಕಲ್ಲಿನ ಪದರದಲ್ಲಿ. ಹಲವು ಕಡೆ ಅದರ ಮೇಲೆ ಕಾಮ್ಠಿ ಅನ್ನುವ ಮರಳುಗಲ್ಲಿನ ಪದರ ಇದೆ, ಅದು ಚೆನ್ನಾಗಿ ನೀರು ಹಿಡಿಯುವ ಕಲ್ಲು. ಗಣಿ ಅದನ್ನು ಸೀಳಿಕೊಂಡೇ ಇಳಿಯಬೇಕು. ಗುಂಡಿಗೆ ಬಸಿದ ನೀರನ್ನು ಪಂಪ್ ಮಾಡುತ್ತಲೇ ಇರಬೇಕು, ಹಾಗಾಗಿ ಸುತ್ತಲಿನ ನೀರು ಆ ಕಡೆಗೆ ಜಾರುತ್ತದೆ. ನಿಮ್ಮ ತೆರೆದ ಬಾವಿ ಮೇಲಿನ ಪದರದ್ದು, ಬೋರ್ ಕೆಳಗಿನದ್ದು. ಒಂದು ಇಳಿದು ಇನ್ನೊಂದು ಹಾಗೇ ಇರಬಹುದು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ಬಾವಿ ಕಟ್ಟೆ ಮೇಲೆ ಪೇಂಟಲ್ಲಿ ಒಂದು ಗುರುತು ಹಾಕಿ. ಯಾವಾಗಲೂ ಅಲ್ಲಿಂದಲೇ ಟೇಪ್ ಇಳಿಸಿ, ಕಟ್ಟೆ ಎತ್ತರ ಕಳೆದು ನೆಲದಿಂದ ಎಷ್ಟು ಮೀಟರ್ ಅಂತ ಬರೆಯಿರಿ. ಬೋರ್‌ಗೆ ಮೋಟರ್ ಪೈಪಿನ ಪಕ್ಕ ಟೇಪ್ ಸಲೀಸಾಗಿ ಇಳಿಯುವಂಥ ಸಣ್ಣ ಪಿವಿಸಿ ಪೈಪ್ ಇಳಿಸಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಟೇಪ್ ಕೇಬಲ್‌ಗೆ ಸುತ್ತಿಕೊಂಡು ಕೂತುಬಿಡುತ್ತದೆ, ಆಮೇಲೆ ಮೋಟರ್ ಎತ್ತಿಸಬೇಕು. ನೀರು ಮುಟ್ಟಿದ ಕೂಡಲೇ ಬೀಪ್ ಅನ್ನುವ ಟೇಪ್ ಸಿಗುತ್ತದೆ, ನಾಲ್ಕು ಜನ ಸೇರಿ ಒಂದು ತಗೊಳ್ಳಿ.

ಬೆಳಿಗ್ಗೆ ಅಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತ್ರೀಫೇಸ್ ಕರೆಂಟ್ ರಾತ್ರಿ ಕೊಡುವ ವಾರ ಬೆಳಿಗ್ಗೆ ಬಾವಿ ಸುಸ್ತಾಗಿರುತ್ತದೆ, ಅಲ್ವಾ? ಮೋಟರ್ ನಿಂತು ಎಂಟು ಹತ್ತು ಗಂಟೆ ಆದ ಮೇಲೆ ಅಳೆಯಿರಿ. ಪಕ್ಕದವರ ಮೋಟರ್ ಓಡುತ್ತಿತ್ತಾ ಅನ್ನೋದನ್ನೂ ಬರೆಯಿರಿ.

ಎಲ್ಲಕ್ಕಿಂತ ಮುಖ್ಯ, ಗಣಿಯಿಂದ ಎಂಟು ಹತ್ತು ಕಿಲೋಮೀಟರ್ ದೂರ, ಅದೇ ಥರ ಮಣ್ಣು, ಅದೇ ಬೆಳೆ ಇರುವ ಒಂದು ಬಾವಿಯನ್ನೂ ಅದೇ ದಿನ ಅಳೆಯಿರಿ. ಮಳೆಗಾಲ ಮುಗಿದು ಆ ಬಾವಿ ತುಂಬಿ, ನಿಮ್ಮದು ತುಂಬದಿದ್ದರೆ 'ಮಳೆ ಇಲ್ಲ' ಅನ್ನೋ ಮಾತು ನಿಲ್ಲಲ್ಲ. ಎರಡೂ ಒಟ್ಟಿಗೆ ಇಳಿದಿದ್ದರೆ ಗಣಿ ಮೇಲೆ ಹೊರಿಸೋದು ಕಷ್ಟ. ತಿಂಗಳಿಗೊಮ್ಮೆ ಸಾಕು. ಮೇ, ಆಗಸ್ಟ್, ನವೆಂಬರ್, ಜನವರಿ ಮಾತ್ರ ತಪ್ಪಿಸಬೇಡಿ. ಸರ್ಕಾರದ ಅಂತರ್ಜಲ ಅಳತೆಯೂ ಹೆಚ್ಚುಕಮ್ಮಿ ಈ ತಿಂಗಳುಗಳದ್ದೇ, ಹೋಲಿಸಲು ಅನುಕೂಲ.

ಇನ್ನು ನೀರಿನ ಗುಣ. ಟಿಡಿಎಸ್ ಮೀಟರ್ ಉಪ್ಪು ಎಷ್ಟಿದೆ ಅಂತ ಹೇಳುತ್ತದೆ, ಯಾವುದು ಅಂತ ಹೇಳಲ್ಲ. ಮೇಘಾಲಯದ ಕಲ್ಲಿದ್ದಲಲ್ಲಿ ಗಂಧಕ ಜಾಸ್ತಿ, ಅಲ್ಲಿ ಗಣಿ ನೀರು ಹುಳಿಯಾಗುತ್ತದೆ. ನಿಮ್ಮ ಭದ್ರಾವತಿ ಇರುವ ವಾರ್ಧಾ ಕಣಿವೆ ಕಲ್ಲಿದ್ದಲಲ್ಲಿ ಗಂಧಕ ಸಾಮಾನ್ಯವಾಗಿ ಕಮ್ಮಿ, ಹಾಗಾಗಿ ಪಿಎಚ್ (ನೀರು ಎಷ್ಟು ಹುಳಿ ಅನ್ನೋ ಅಳತೆ) ಸರಿಯಿದೆ ಅಂದ ಮಾತ್ರಕ್ಕೆ ಸುಮ್ನಾಗಬೇಡಿ. ಸಲ್ಫೇಟ್, ಗಡಸುತನ, ಕಬ್ಬಿಣ, ಮ್ಯಾಂಗನೀಸ್ ಕೇಳಿ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಸಲ್ಫೇಟ್ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 400. ನೈಟ್ರೇಟ್ 45 ದಾಟಬಾರದು. ಆದರೆ ನೈಟ್ರೇಟ್ ಯೂರಿಯಾದಿಂದಲೂ ಬರುತ್ತದೆ, ಗಣಿಯ ಸ್ಫೋಟಕದಿಂದಲೂ ಬರುತ್ತದೆ, ಅದೊಂದನ್ನೇ ಹಿಡಿದು ವಾದ ಮಾಡಬೇಡಿ. ಫ್ಲೋರೈಡ್ ಅಂತೂ ಆ ಜಿಲ್ಲೆಯ ಕಲ್ಲಲ್ಲೇ ಇರುವ ತೊಂದರೆ.

ಸ್ಯಾಂಪಲ್‌ಗೆ ಮೋಟರ್ ಹದಿನೈದು ನಿಮಿಷ ಓಡಿಸಿ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ಕಂಠದವರೆಗೆ ತುಂಬಿ. ಪಿಎಚ್ ಅಲ್ಲೇ ನೋಡಿ. ಕಬ್ಬಿಣಕ್ಕೆ ಲ್ಯಾಬಿನಿಂದ ಆಸಿಡ್ ಹಾಕಿದ ಬೇರೆ ಬಾಟಲಿ ತನ್ನಿ. ಬಕೆಟ್‌ನಲ್ಲಿ ತಿಳಿಯಾಗಿದ್ದ ನೀರು ಸಂಜೆಗೆ ಕಂದು ಬಣ್ಣಕ್ಕೆ ತಿರುಗಿ ತಳದಲ್ಲಿ ತುಕ್ಕಿನ ಪುಡಿ ಕೂತರೆ ಅದು ಕಬ್ಬಿಣವೇ. ಸಾದಾ ಬಾಟಲಿಯಲ್ಲೂ ಹಾಗೇ ಕೂತುಬಿಡುತ್ತದೆ, ಲ್ಯಾಬ್ ರಿಪೋರ್ಟಲ್ಲಿ ಕಮ್ಮಿ ತೋರಿಸುತ್ತದೆ.

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ವೆಬ್‌ಸೈಟಲ್ಲಿ ಆ ಗಣಿಯ ಪರಿಸರ ಅನುಮತಿ ಪತ್ರ ಹುಡುಕಿ. ಗಣಿಯವರು ಸುತ್ತಲಿನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯಬೇಕು, ಗಣಿಯ ಪಂಪಿನಿಂದ ಊರ ಬಾವಿ ಬತ್ತಿದರೆ ನೀರು ಕೊಡಬೇಕು ಅನ್ನುವ ಷರತ್ತು ಕಲ್ಲಿದ್ದಲು ಗಣಿಗಳಿಗೆ ಸಾಮಾನ್ಯವಾಗಿ ಇರುತ್ತದೆ. ಅರ್ಜಿಯಲ್ಲಿ ಆ ಷರತ್ತಿನ ನಂಬರ್ ಹಾಕಿ, ಜೊತೆಗೆ ನಿಮ್ಮದು, ದೂರದ್ದು ಎರಡೂ ಕಡೆಯ ಅಳತೆ ಪಟ್ಟಿ ಇಡಿ. ಗಣಿಯವರ ಅಳತೆಯ ಪ್ರತಿಯನ್ನೂ ಅದರಲ್ಲೇ ಕೇಳಿ.