55 ಮತ ಬಿದ್ದರೂ ಮಂಡಳಿಯಲ್ಲಿ ಒಂದೂ ಸ್ಥಾನ ಸಿಗದಿರುವುದೇಕೆ?

ಪ್ರಶ್ನೆ: ನಮ್ಮ ವಸತಿ ಸಹಕಾರ ಸಂಘದಲ್ಲಿ 120 ಸದಸ್ಯರಿದ್ದೇವೆ, ಆಡಳಿತ ಮಂಡಳಿಗೆ 9 ಸ್ಥಾನ. ಈ ಸಲ 65 ಮಂದಿಯ ಗುಂಪೊಂದು ಒಂಬತ್ತನ್ನೂ ಬಾಚಿಕೊಂಡಿತು. ನಾವು 55 ಮಂದಿ ಬೆಂಬಲಿಸಿದ ಒಬ್ಬರೂ ಗೆಲ್ಲಲಿಲ್ಲ. ಎಣಿಕೆಯಲ್ಲಿ ಮೋಸ ಆಗಿರಬಹುದೇ?

ಉತ್ತರ: ಎಣಿಕೆ ಅಚ್ಚುಕಟ್ಟಾಗಿ ನಡೆದರೂ ಫಲಿತಾಂಶ ಹೀಗೇ ಬರುತ್ತದೆ. ಒಬ್ಬೊಬ್ಬ ಸದಸ್ಯರೂ ಒಂಬತ್ತು ಗುರುತು ಹಾಕಬಹುದು ಎಂದಿದ್ದರೆ, ಒಗ್ಗಟ್ಟಾಗಿರುವ 65 ಮಂದಿ ತಮ್ಮ ಒಂಬತ್ತೂ ಅಭ್ಯರ್ಥಿಗಳಿಗೆ ತಲಾ 65 ಮತ ಕೊಡುತ್ತಾರೆ. ನಿಮ್ಮವರು 55ರಲ್ಲೇ ನಿಲ್ಲುತ್ತಾರೆ. ‘ಒಬ್ಬ ಸದಸ್ಯ, ಒಂದು ಮತ’ ಎಂಬ ಸಹಕಾರ ತತ್ವಕ್ಕೆ ಇದರಿಂದ ಧಕ್ಕೆಯಿಲ್ಲ, ಎಲ್ಲರ ಕೈಗೂ ಸಿಕ್ಕಿದ್ದು ಒಂದೇ ಅಳತೆಯ ಮತಪತ್ರ. ಬದಲಾಗಬೇಕಾದದ್ದು ಬೈಲಾ, ಅಂದರೆ ಸಂಘದ ಆಂತರಿಕ ನಿಯಮಾವಳಿ.

ಕೈಯಲ್ಲೇ ಎಣಿಸಲು ಸುಲಭವಾದ ದಾರಿಯೆಂದರೆ ಗುರುತುಗಳ ಸಂಖ್ಯೆಗೆ ಮಿತಿ ಹಾಕುವುದು. ಒಂಬತ್ತು ಸ್ಥಾನಕ್ಕೆ ಐದೇ ಗುರುತು ಎನ್ನಿ. ಆಗ ದೊಡ್ಡ ಗುಂಪಿನ ಬಳಿ 65×5, ಅಂದರೆ 325 ಗುರುತು. ಐವರನ್ನು ನಿಲ್ಲಿಸಿದರೆ ಐವರೂ ಗೆಲ್ಲುತ್ತಾರೆ. ಆರನೆಯವರಿಗೆ ಆಸೆಪಟ್ಟು ಮತ ಹಂಚಿದರೆ ತಲಾ ಸುಮಾರು 54ಕ್ಕೆ ಇಳಿಯುತ್ತದೆ. ನಾಲ್ವರನ್ನಷ್ಟೇ ನಿಲ್ಲಿಸಿದ ನಿಮ್ಮ ಕಡೆಯವರು 55 ಪಡೆದು ಮುಂದಿರುತ್ತಾರೆ.

ಇದಕ್ಕಿಂತ ನಿಖರವಾದದ್ದು ವರ್ಗಾವಣೀಯ ಏಕಮತ ಪದ್ಧತಿ. ಮತದಾರರು 1, 2, 3 ಎಂದು ಆದ್ಯತೆ ಬರೆಯುತ್ತಾರೆ. ಗೆದ್ದವರಿಗೆ ಹೆಚ್ಚಾಗಿ ಬಿದ್ದ ಮತವೂ ಸೋತವರ ಮತವೂ ಮುಂದಿನ ಆದ್ಯತೆಯವರಿಗೆ ವರ್ಗವಾಗುತ್ತವೆ. ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದು ಕೂಡಿಸಿದರೆ ಗೆಲುವಿನ ಕೋಟಾ ಸಿಗುತ್ತದೆ: 120÷10, ಮತ್ತೊಂದು 1, ಒಟ್ಟು 13. 65ರಲ್ಲಿ ಇಂಥ ಐದು ಕೋಟಾ, 55ರಲ್ಲಿ ನಾಲ್ಕು; ಹಾಗಾಗಿ ನಿಮ್ಮ ಸಂಘದಲ್ಲಿ ಫಲಿತಾಂಶ 5–4 ಆಗುತ್ತಿತ್ತು. ಒಂದು ಎಚ್ಚರಿಕೆ: ವರ್ಷಕ್ಕೆ ಮೂರರಂತೆ ಸ್ಥಾನ ತುಂಬುವ ಸಂಘಗಳಲ್ಲಿ ಕೋಟಾ 31ಕ್ಕೆ ಏರುತ್ತದೆ. ಪ್ರತಿ ವರ್ಷ 2–1ರಂತೆ ಮೂರು ವರ್ಷದಲ್ಲಿ ಬಲಾಬಲ 6–3 ಆಗುತ್ತದೆ. ಮಂಡಳಿಯಲ್ಲಿ ಅನುಭವಿಗಳು ಉಳಿಯಲಿ ಎಂದು ಮಾಡಿದ ಸರದಿ, ಅಲ್ಪಸಂಖ್ಯೆಯ ಗುಂಪಿನ ಒಂದು ಸ್ಥಾನವನ್ನು ಸದ್ದಿಲ್ಲದೆ ತಿಂದುಹಾಕುತ್ತದೆ.

ಬೈಲಾ ಬದಲಾಗುವವರೆಗೆ ಏನು ಮಾಡಬಹುದು? ‘ಒಂಬತ್ತರವರೆಗೆ’ ಗುರುತು ಹಾಕಬಹುದು ಎಂದಿದ್ದರೆ ಕಡಿಮೆ ಅಭ್ಯರ್ಥಿಗಳನ್ನು ನಿಲ್ಲಿಸಿ, ಅವರಿಗಷ್ಟೇ ಮತ ಹಾಕಿ. ಎದುರು ಗುಂಪಿನ ಮತ ಚದುರಿದರೆ ಮಾತ್ರ ಇದು ಫಲಿಸುತ್ತದೆ. ‘ಒಂಬತ್ತೇ ಹಾಕಬೇಕು, ಇಲ್ಲವಾದರೆ ಮತ ಅಸಿಂಧು’ ಎಂಬ ನಿಯಮವಿದ್ದರೆ ಆ ಬಾಗಿಲೂ ಮುಚ್ಚಿದಂತೆ. ನಮ್ಮ ಮಟ್ಟಿಗೆ, ತಿದ್ದುಪಡಿಯಲ್ಲಿ ಮೊದಲು ಕಿತ್ತುಹಾಕಬೇಕಾದದ್ದು ಈ ಸಾಲನ್ನೇ.

ಪ್ರಶ್ನೆ: ಚುನಾವಣೆಗೆ ಸ್ವಲ್ಪ ಮೊದಲು ನಿರ್ವಹಣಾ ಶುಲ್ಕದ ಬಾಕಿ ತೋರಿಸಿ ಕೆಲವರ ಹೆಸರನ್ನು ಮತದಾರರ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ಇದು ಸರಿಯೇ?

ಉತ್ತರ: ಸುಸ್ತಿದಾರರಿಗೆ ಮತವಿಲ್ಲ ಎಂದು ಬೈಲಾ ಹೇಳಿದರೆ ಕೈಬಿಡಬಹುದು. ಬಾಕಿಯನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕಿದರು, ಬಿಲ್ಲು ಸದಸ್ಯರ ಕೈಸೇರಿದ್ದು ಯಾವಾಗ, ಪಾವತಿಗೆ ಎಷ್ಟು ದಿನ ಕೊಟ್ಟರು ಎಂಬುದನ್ನು ನೋಡಬೇಕು. ಕಡೆಯ ದಿನಕ್ಕೆ ಎರಡು ದಿನ ಮೊದಲು ‘ವಿಶೇಷ ಶುಲ್ಕ’ದ ಬಿಲ್ಲು ಕಳಿಸಿ ಒಂದಿಷ್ಟು ಜನರನ್ನು ಸುಸ್ತಿದಾರರಾಗಿಸುವುದು ಹಳೆಯ ಆಟ. ಜಂಟಿ ಮಾಲೀಕತ್ವದಲ್ಲೂ ಹೆಸರುಗಳು ಜಾರುವುದುಂಟು. ಸಾಮಾನ್ಯವಾಗಿ ಷೇರುಪತ್ರದಲ್ಲಿ ಮೊದಲ ಹೆಸರಿರುವವರಿಗೆ ಮತ. ಅವರ ಬದಲು ಎರಡನೆಯವರು ಬರಬಹುದೇ ಎಂಬುದು ಬೈಲಾದಲ್ಲೇ ಇರಬೇಕು.

ಕರಡು ಪಟ್ಟಿ ಫಲಕದಲ್ಲಿ ಬಿದ್ದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಗಡುವಿನೊಳಗೆ ಆಕ್ಷೇಪಣೆಯನ್ನು ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ, ಪಾವತಿಯ ರಸೀದಿಯನ್ನೂ ಲಗತ್ತಿಸಿ. ಫಲಿತಾಂಶ ಬಂದಮೇಲೆ ಎತ್ತುವ ತಕರಾರಿಗೆ ಬಲ ಕಡಿಮೆ. ಕೈಬಿಟ್ಟಿದ್ದು ಆರು ಮತ, ಗೆಲುವಿನ ಅಂತರ ಹತ್ತು ಎಂದಾದರೆ ಫಲಿತಾಂಶ ಏರುಪೇರಾಗುವುದಿಲ್ಲ ಎಂಬ ವಾದವೇ ನಿಮ್ಮ ದೂರನ್ನು ಮುಗಿಸಿಬಿಡಬಹುದು.

ಪ್ರಶ್ನೆ: ಒಂಬತ್ತು ಸ್ಥಾನಕ್ಕೆ ಏಳೇ ನಾಮಪತ್ರ ಬಂದರೆ?

ಉತ್ತರ: ಪರಿಶೀಲನೆಯಲ್ಲಿ ಏಳೂ ಸಿಂಧುವಾಗಿ, ಯಾರೂ ಹಿಂತೆಗೆಯದಿದ್ದರೆ ಅಷ್ಟೂ ಮಂದಿ ಅವಿರೋಧ ಆಯ್ಕೆ. ಉಳಿದೆರಡನ್ನು ಮರುಚುನಾವಣೆಯಿಂದಲೋ ನಾಮಕರಣದಿಂದಲೋ ತುಂಬುವ ಬಗೆ ಬೈಲಾದಲ್ಲಿರುತ್ತದೆ. ಅಷ್ಟರೊಳಗೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ನೋಡಿಕೊಳ್ಳಿ. ಅದು ಒಟ್ಟು ಸ್ಥಾನಗಳ ಮೇಲೆ ನಿಗದಿಯಾಗಿ, 9ಕ್ಕೆ 5 ಎಂದಿದ್ದರೆ, ಏಳರಲ್ಲಿ ಮೂವರು ತಪ್ಪಿಸಿಕೊಂಡ ದಿನ ಸಭೆಯೇ ನಡೆಯದು.